ಬತ್ತೆ ಎಂದು ಹೋದವಳು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಶಾಲೆಯ ಶಿಬಿರಕ್ಕೆ ಜೊತೆ ಹೋಗುವವರ ತರಬೇತಿಗೆ ಹೆಸರು ಕೊಟ್ಟೆ. ಕೊಲ್ಲೂರಿನ ಕಾಡಿನಂಚಿನಲ್ಲಿ ಹೆಣ್ಣುಮಕ್ಕಳನ್ನು ಒಂದು ರಾತ್ರಿ ಡೇರೆಯಲ್ಲಿ ಉಳಿಸಬೇಕಾದರೆ ಪರೀಕ್ಷೆ ಪಾಸಾದ ಹೆಂಗಸೊಬ್ಬಳು ಜೊತೆಗಿರಬೇಕಂತೆ. ಬೇರೆ ಯಾರೂ ಮುಂದೆ ಬರಲಿಲ್ಲ. ನಾನು ಫೇಲಾದರೆ ಎಂಟನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಶಿಬಿರವೇ ಇಲ್ಲ.

ನಾವುಂದದ ಶಾಲೆಯ ಬಯಲಿನಲ್ಲಿ ಡೇರೆ ಹಾಕಿ ಪರೀಕ್ಷೆ. ಹಗ್ಗಕ್ಕೆ ಗಂಟು ಹಾಕಿದೆ, ಒಲೆ ಹಚ್ಚಿದೆ, ಗಾಯಕ್ಕೆ ಬಟ್ಟೆ ಕಟ್ಟಿದೆ. ಕೊನೆಯದು ತಲೆ ಎಣಿಸುವುದು. ಮೊಮ್ಮಗಳೂ ಸೇರಿ ಒಂಬತ್ತು ಹುಡುಗಿಯರು, ಒಬ್ಬಳೂ ನಿಂತಲ್ಲಿ ನಿಲ್ಲುವುದಿಲ್ಲ. ನನಗೂ ಕಾಲು ನಿಲ್ಲಲಿಲ್ಲ. ಡೇರೆಗೆ ಸುತ್ತು ಹೊಡೆಯುತ್ತಲೇ ಇದ್ದೆ. ಡೇರೆಯ ಹಿಂದಿನಿಂದ ಮೊಮ್ಮಗಳು, "ಅಮ್ಮಮ್ಮ, ಬತ್ತೆ" ಎಂದಳು. ಬರುತ್ತಿದ್ದಾಳೆಂದು ಅವಳನ್ನೂ ಸೇರಿಸಿ "ಒಂಬತ್ತು" ಎಂದೆ.

ತರಬೇತಿಯ ಮೇಷ್ಟ್ರು ಎಣಿಸಿದರು. ಎಂಟು.

ಬಾವಿಕಟ್ಟೆಗೆ ಓಡಿದೆ, ಗೇಟಿಗೆ ಓಡಿದೆ. ಅವಳು ರಸ್ತೆಯಾಚೆ ಅಂಗಡಿಯಲ್ಲಿ ಐಸ್‌ಕ್ಯಾಂಡಿ ಚೀಪುತ್ತಿದ್ದಳು.

"ಏ! ಹೇಳ್ದೆ ಎಲ್ಲಿಗ್ ಹೋದ್ದ್ ಹೆಣೆ?" ಎಂದು ಹುಡುಗಿಯನ್ನು ಗದರಿದೆ.

"ಹೇಳಿಯೇ ಬಂದದ್ದಲೆ! ಬತ್ತೆ ಅಂದಿದ್ನಲೆ!"

ಸರಿಯೇ. ಹೊರಡುವಾಗ ಹೋಗುತ್ತೇನೆ ಎನ್ನಬಾರದು, ಬತ್ತೆ ಎನ್ನಬೇಕು ಎಂದು ಅವಳಿಗೆ ಕಲಿಸಿದವಳು ನಾನೇ.

ಮೇಷ್ಟ್ರು ಫೇಲು ಮಾಡಿದರು. ಮಾಡಬೇಕಾದದ್ದೇ. ಮುಂದಿನ ಭಾನುವಾರ ಇನ್ನೊಮ್ಮೆ ಬನ್ನಿ ಎಂದರು. ಆ ವಾರವೆಲ್ಲ ಮನೆಯಲ್ಲಿ ಯಾರು ಬತ್ತೆ ಎಂದರೂ ಬಾಗಿಲಿಗೆ ಅಡ್ಡ ನಿಂತು ವಿಚಾರಿಸಿದೆ. ಎಲ್ಲರಿಗೂ ಸಾಕುಸಾಕಾಯಿತು.

ಭಾನುವಾರ ಮೇಷ್ಟ್ರು ಪಾಸು ಮಾಡಿ, ಚೀಲ ಹೆಗಲಿಗೇರಿಸಿ, "ಬತ್ತೆ ಅಮ್ಮ" ಎಂದರು.

"ಹೋಪುದಾ, ಬಪ್ಪುದಾ? ಸಮ ಹೇಳಿ" ಎಂದೆ.