ಚಿಕ್ಕಮ್ಮ ಬರೆದ ಸಾಲು

ನನ್ನ ಅಮ್ಮನ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಮೂವತ್ತೇಳನೇ ವಯಸ್ಸಿನವರೆಗೆ ಬರೆದದ್ದೆಂದರೆ ರಜೆ ಚೀಟಿ ಮತ್ತು ದೂರಿನ ಪುಸ್ತಕ, ಅಷ್ಟೇ. ವಾಷಿಂಗ್ ಮಷೀನು ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಹನ್ನೊಂದು ವರ್ಷ ಫೋನು ಎತ್ತಿದವರು ಅವರು. ಬೆಳಿಗ್ಗೆ ಹಾಕಿಕೊಂಡ ಹೆಡ್‌ಫೋನನ್ನು ಸಂಜೆ ತೆಗೆದಾಗ ಈ ಕಿವಿಯಿಂದ ಆ ಕಿವಿಯವರೆಗೆ ಕೂದಲಿನ ಮೇಲೆ ಗೆರೆ ಬಿದ್ದಿರುತ್ತಿತ್ತು. ಮನೆಯಲ್ಲಿ ನಾವು ಅದಕ್ಕೆ ಅಡ್ಡ ಬೈತಲೆ ಎಂದು ಹೆಸರಿಟ್ಟಿದ್ದೆವು.

ದಿನಕ್ಕೆ ಮೂವತ್ತು ಜನವಾದರೂ ಒಂದೇ ದೂರು ಹೇಳುತ್ತಿದ್ದರಂತೆ: ಮಷೀನಿಗೆ ನೀರು ಹೋಗುತ್ತಲೇ ಇದೆ, ತುಂಬುವುದೇ ಇಲ್ಲ. ರಿಪೇರಿಯವನು ಊರಾಚೆಯವರೆಗೆ ಹೋಗಿ, ನೆಲಕ್ಕೆ ಬಿದ್ದ ಪೈಪನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿ, ಒಂದು ಲೋಟ ನೀರು ಕುಡಿದು ಬರುತ್ತಿದ್ದ. ಡಬ್ಬದೊಳಗಿನ ಪುಸ್ತಕದಲ್ಲಿ ಅದನ್ನು ಹೇಳಿರಲಿಲ್ಲವೆಂದಲ್ಲ. ‘ಜಲನಿರ್ಗಮನ ನಳಿಕೆಯನ್ನು ನಿಗದಿತ ಎತ್ತರದಲ್ಲಿ ಅಳವಡಿಸತಕ್ಕದ್ದು’ ಎಂದು ಹದಿನಾಲ್ಕನೇ ಪುಟದಲ್ಲಿ ಅಚ್ಚಾಗಿತ್ತು. ಚಿಕ್ಕಮ್ಮ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಿಳಿ ಹಾಳೆ ತೆಗೆದುಕೊಂಡು, ಫೋನಿನಲ್ಲಿ ಹೇಳುತ್ತಿದ್ದಂತೆಯೇ ಬರೆದರು: ‘ನೀರು ಹೊರಗೆ ಹೋಗುವ ಪೈಪು ನಿಮ್ಮ ಮಂಡಿಗಿಂತ ಮೇಲಿರಲಿ. ಕೆಳಗೆ ಬಿದ್ದರೆ ಒಳಗೆ ಬಂದ ನೀರೆಲ್ಲ ಹಾಗೇ ಹರಿದುಹೋಗುತ್ತದೆ.’ ಅಂಥದ್ದೇ ಇನ್ನೂ ಆರು ಸಾಲು. ಮ್ಯಾನೇಜರು ಅದನ್ನು ಅಚ್ಚು ಹಾಕಿಸಿ ಮಷೀನಿನ ಮುಚ್ಚಳಕ್ಕೆ ಅಂಟಿಸಿದರು. ಮೂರು ತಿಂಗಳಲ್ಲಿ ಆ ದೂರಿನ ಫೋನುಗಳು ಬೆರಳೆಣಿಕೆಗೆ ಇಳಿದವು.

ಆ ಹಾಳೆ ಕಂಪನಿಯ ಜಾಹೀರಾತು ಮಾಡುತ್ತಿದ್ದ ಏಜೆನ್ಸಿಯವರ ಕಣ್ಣಿಗೆ ಬಿತ್ತು. ಅಲ್ಲಿ ಬರವಣಿಗೆ ವಿಭಾಗದ ಮುಖ್ಯಸ್ಥರೊಬ್ಬರಿದ್ದರು. ಯಾರು ಏನೇ ಬರೆದುಕೊಟ್ಟರೂ ಅರ್ಧ ಕತ್ತರಿಸಿ ವಾಪಸು ಕೊಡುತ್ತಿದ್ದುದರಿಂದ ಎಲ್ಲರೂ ಅವರನ್ನು ಹಿಂದಿನಿಂದ ಕತ್ತರಿ ಎನ್ನುತ್ತಿದ್ದರು. ಇದನ್ನು ಬರೆದವರು ಯಾರು ಎಂದು ಹುಡುಕಿಕೊಂಡು ಬಂದವರು ಅವರೇ. ಕೆಲಸಕ್ಕೆ ಕರೆದರು, ಆದರೆ ಕಲಿಯುವವರ ಸಾಲಿನಲ್ಲಿ ಕೂರಬೇಕೆಂದರು. ಅಜ್ಜಿಗೆ ಇದು ಸರಿಕಾಣಲಿಲ್ಲ. ಕೂತ ಕುರ್ಚಿ ಬಿಟ್ಟು ಈ ವಯಸ್ಸಿನಲ್ಲಿ ಅಆಇಈ ಯಾಕೆ ಎಂದು ಎರಡು ದಿನ ಗೊಣಗಿದರು. ಚಿಕ್ಕಮ್ಮ ಮೂರನೇ ದಿನ ರಾಜೀನಾಮೆ ಕೊಟ್ಟು ಬಂದರು.

ಮೊದಲ ವರ್ಷ ಅವರು ಪಟ್ಟ ಪಾಡು ನನಗೆ ಗೊತ್ತು. ಏಜೆನ್ಸಿ ಎಂದಕೂಡಲೇ ತಾನೂ ದೊಡ್ಡದಾಗಿ ಬರೆಯಬೇಕು ಎಂದುಕೊಂಡು, ಒಂದು ಸಾಬೂನಿಗೆ ‘ಅಪ್ರತಿಮ’, ‘ಅನನ್ಯ’, ‘ಅದ್ವಿತೀಯ’ ಎಲ್ಲವನ್ನೂ ತುರುಕಿ ಒಯ್ದರಂತೆ. ಕತ್ತರಿ ಓದಿ, ಕನ್ನಡಕ ತೆಗೆದರು.

“ಮೇಡಂ, ಫೋನಲ್ಲಿ ನೀವು ಹೀಗೆ ಮಾತಾಡ್ತಿದ್ರಾ?”

“ಇಲ್ಲ ಸರ್.”

“ಮತ್ತೆ ಇಲ್ಯಾಕೆ ಪದಗಳೆಲ್ಲ ಮದುವೆಗೆ ಹೊರಟವರ ಹಾಗೆ ಅಲಂಕಾರ ಮಾಡ್ಕೊಂಡು ನಿಂತಿವೆ?”

ಅವತ್ತು ಮನೆಗೆ ಬಂದು ಚಿಕ್ಕಮ್ಮ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ಹೊರಗೆ ಬಂದು ಮುಖ ಒರೆಸಿಕೊಂಡು ಒಂದು ನೋಟ್‌ಬುಕ್ಕು ಶುರುಮಾಡಿದರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ದಂತವೈದ್ಯರ ಬಾಗಿಲಲ್ಲಿ ಕಾಯುತ್ತ ಕೂತಾಗ ಜನ ಆಡಿದ ಮಾತನ್ನು ಆಡಿದಂತೆಯೇ ಬರೆದಿಡುವುದು. ಕತ್ತರಿಯವರು ಹೇಳಿಕೊಟ್ಟ ಇನ್ನೊಂದು ಅಭ್ಯಾಸ ಒಂದೊಂದು ಕೆಲಸಕ್ಕೂ ಇಪ್ಪತ್ತು ತಲೆಬರಹ ಬರೆಯುವುದು. ಮೊದಲ ಹತ್ತು ಯಾರಿಗಾದರೂ ಹೊಳೆಯುತ್ತವೆ, ಅವನ್ನು ಹೊಡೆದುಹಾಕಿ ಎಂದಿದ್ದರು ಅವರು. ಮಿಕ್ಕವನ್ನು ಚಿಕ್ಕಮ್ಮ ಅಜ್ಜಿಗೆ ಓದಿ ಹೇಳುತ್ತಿದ್ದರು, ಅದೂ ಅಜ್ಜಿ ಬಟ್ಟೆ ಮಡಚುವಾಗ ಮಾತ್ರ. ಅಜ್ಜಿಯ ಕೈ ನಿಲ್ಲದಿದ್ದರೆ ಆ ಸಾಲು ಕಸದ ಬುಟ್ಟಿಗೆ. ಅಜ್ಜಿಯ ಕೈಯೋ, ಅಷ್ಟು ಸುಲಭಕ್ಕೆ ನಿಲ್ಲುವಂಥದ್ದಲ್ಲ.

ನಾಲ್ಕನೇ ವರ್ಷ ಶ್ರವಣ ಸಾಧನದ ಕಂಪನಿಯೊಂದು ಬಂತು. ಮಾಲು ಚೆನ್ನಾಗಿತ್ತು, ಆದರೆ ಕೊಳ್ಳುವವರಿರಲಿಲ್ಲ. ಮಾರಾಟದ ಮುಖ್ಯಸ್ಥರು ತಲೆಬರಹವನ್ನು ತಾವೇ ಹೊತ್ತು ತಂದಿದ್ದರು: ‘ಶಬ್ದಲೋಕದ ಸಾಮ್ರಾಟರಾಗಿ.’ ಅದಕ್ಕೊಂದು ನಗುಮುಖದ ಚಿತ್ರ ಹಾಕಿಕೊಟ್ಟರೆ ಸಾಕಿತ್ತು. ಚಿಕ್ಕಮ್ಮ ಒಂದು ವಾರ ಸಮಯ ಕೇಳಿ, ಆ ಕಂಪನಿಯ ಅಂಗಡಿಯಲ್ಲಿ ಹೋಗಿ ಕೂತರು. ಕಿವಿ ಪರೀಕ್ಷೆಯ ಗಾಜಿನ ಕೋಣೆಯ ಹೊರಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಹಳೆಯ ಪತ್ರಿಕೆ, ಟಿಕ್ ಎನ್ನದ ಗೋಡೆ ಗಡಿಯಾರ. ಬಂದವರಲ್ಲಿ ಹೆಚ್ಚಿನವರನ್ನು ಮಗಳೋ ಸೊಸೆಯೋ ಎಳೆದುಕೊಂಡು ಬಂದಿರುತ್ತಿದ್ದರು. ತಮಗೇನೂ ಆಗಿಲ್ಲ, ಜನ ಗೊಣಗೊಣ ಮಾತಾಡುತ್ತಾರೆ ಎಂಬುದೇ ಎಲ್ಲರ ವಾದ.

ಐದನೇ ದಿನ ನಿವೃತ್ತ ಮೇಷ್ಟ್ರೊಬ್ಬರು ಪಕ್ಕದ ಕುರ್ಚಿಯಲ್ಲಿ ಕೂತರು. ಮಗಳು ಒಳಗೆ ಹೆಸರು ಬರೆಸಲು ಹೋಗಿದ್ದಳು. ಚಿಕ್ಕಮ್ಮ ತಮ್ಮ ಫೋನಿನ ಕಾಲದ ದನಿಯಲ್ಲಿ, ನಿಧಾನವಾಗಿ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಮೊಮ್ಮಕ್ಕಳು ತುಂಬ ತಮಾಷೆ, ಊಟದ ಹೊತ್ತಿಗೆ ಮನೆಯೆಲ್ಲ ನಗು ಎಂದರು ಮೇಷ್ಟ್ರು. ಆಮೇಲೆ ಮಗಳು ಹೋದ ಕಡೆ ನೋಡಿದರು.

“ನಿಜ ಹೇಳ್ಲೇನಮ್ಮ? ಅವ್ರು ನಕ್ಕಿದ್ದು ನೋಡಿ ನಾನೂ ನಗ್ತೀನಿ. ಯಾಕೆ ಅಂತ ನಂಗೊತ್ತಿಲ್ಲ.”

ಚಿಕ್ಕಮ್ಮ ನೋಟ್‌ಬುಕ್ಕು ತೆಗೆಯಲಿಲ್ಲ. ಅವರ ಮುಂದೆ ಬರೆದುಕೊಳ್ಳಲು ಮನಸ್ಸು ಬರಲಿಲ್ಲವಂತೆ. ಈ ಮಾತನ್ನು ಹೆಸರು ಹಾಕದೆ ಬೇರೆಯವರಿಗೆ ಹೇಳಬಹುದೇ ಎಂದು ಕೇಳಿದರು. ಧಾರಾಳವಾಗಿ ಹೇಳಿ, ನನ್ನಂಥವರು ಬೇಕಾದಷ್ಟಿದ್ದಾರೆ ಎಂದರು ಮೇಷ್ಟ್ರು.

ಆ ಸಲ ಅಜ್ಜಿಗೆ ಓದಿದ್ದು ಒಂದೇ ಸಾಲು: ‘ಎಲ್ಲರೂ ನಕ್ಕ ಮೇಲೆ ನಗುತ್ತೀರಾ?’ ಅಜ್ಜಿಯ ಕೈಯಲ್ಲಿ ದಿಂಬಿನ ಚೀಲ ಹಾಗೇ ಉಳಿಯಿತು. ಎದ್ದು ಒಳಗೆ ಹೋದರು. ಅವರ ಎಡಗಿವಿ ಮಂದವಾಗಿ ಎರಡು ವರ್ಷವಾಗಿತ್ತು ಎಂಬುದು ನಮಗೆ ತಿಳಿದದ್ದು ಅವತ್ತೇ.

ಮಾರಾಟದ ಮುಖ್ಯಸ್ಥರಿಗೆ ಸಾಲು ಹಿಡಿಸಲಿಲ್ಲ. ಗಿರಾಕಿಯ ಕುಂದನ್ನು ಎತ್ತಿ ಆಡಿದರೆ ಯಾರು ಬರುತ್ತಾರೆ, ನೀವು ನಮ್ಮ ಅಂಗಡಿಗೆ ಬೀಗ ಹಾಕಿಸುತ್ತೀರಿ ಎಂದರು. ಎಲ್ಲರೂ ಕತ್ತರಿಯವರತ್ತ ನೋಡಿದರು. ಅವರು ಹಾಳೆಯನ್ನು ಚಿಕ್ಕಮ್ಮನ ಕಡೆಗೇ ಸರಿಸಿದರು.

“ಸಾಲು ಇವರದು. ಇವರೇ ಹೇಳಲಿ.”

ಹಿಂದೆ ದಿನವಿಡೀ ಬೈಗುಳ ಕೇಳಿ ಅಭ್ಯಾಸವಿದ್ದ ಚಿಕ್ಕಮ್ಮ ದನಿ ಏರಿಸಲಿಲ್ಲ. ನಿಮ್ಮದನ್ನು ಒಂದು ಅಂಗಡಿಯ ಗಾಜಿಗೆ, ನನ್ನದನ್ನು ಇನ್ನೊಂದರ ಗಾಜಿಗೆ ಹದಿನೈದು ದಿನ ಹಚ್ಚಿ ನೋಡೋಣ, ಆಮೇಲೆ ಅಂಗಡಿ ಅದಲುಬದಲು ಮಾಡಿ ಇನ್ನೂ ಹದಿನೈದು ದಿನ, ನನ್ನದು ಸೋತರೆ ಸಾಮ್ರಾಟರನ್ನು ನಾನೇ ಕೂತು ಬರೆದುಕೊಡುತ್ತೇನೆ ಎಂದರು. ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಮ್ಮನ ಸಾಲು ಯಾವ ಗಾಜಿನ ಮೇಲಿತ್ತೋ ಆ ಅಂಗಡಿಗೆ ನಾಲ್ಕು ಕುರ್ಚಿ ಸಾಲದೆ ಬೆಂಚು ತರಿಸಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಯಾರೂ ಎಳೆದು ತರದೆ ತಾವಾಗಿಯೇ ಬಂದವರು ಜಾಸ್ತಿ ಇದ್ದರು. ಮಾರಾಟದ ಮುಖ್ಯಸ್ಥರು ಏಜೆನ್ಸಿಗೆ ಬಂದು, ಮುಂದಿನ ಕೆಲಸವನ್ನೂ ಆ ಮೇಡಂ ಅವರೇ ಮಾಡಬೇಕು ಎಂದು ಹೇಳಿ ಹೋದರು. ದೊಡ್ಡ ಮನಸ್ಸು, ಅದನ್ನೂ ಹೇಳಲೇಬೇಕು.

ಆಮೇಲಿನದು ಊರಿಗೆಲ್ಲ ಕಾಣುವಂಥದ್ದು. ಆ ಸಾಲು ಬಸ್ಸುಗಳ ಬೆನ್ನ ಮೇಲೆ ಬಂತು. ನಾನು ಕಾಲೇಜಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಅಂಥ ಬಸ್ಸು ನಿಂತರೆ, ಇದು ನಮ್ಮ ಚಿಕ್ಕಮ್ಮ ಬರೆದದ್ದು ಎಂದು ಪಕ್ಕದಲ್ಲಿದ್ದವರಿಗೆ ಹೇಳಿಬಿಡುತ್ತಿದ್ದೆ, ಅವರ ಪರಿಚಯವಿರಲಿ ಬಿಡಲಿ. ಕತ್ತರಿಯವರು ನಿವೃತ್ತರಾದಾಗ ಚಿಕ್ಕಮ್ಮನೇ ಆ ವಿಭಾಗದ ಮುಖ್ಯಸ್ಥೆಯಾದರು. ಬೀಳ್ಕೊಡುಗೆಯ ದಿನ ಕತ್ತರಿಯವರು ಮಾಡಿದ್ದು ಎರಡು ವಾಕ್ಯದ ಭಾಷಣ: “ಇವರ ಬರವಣಿಗೇಲಿ ಕತ್ತರಿಸೋಕೆ ಏನೂ ಸಿಗದೆ ಮೂರು ವರ್ಷ ಆಯ್ತು. ಇನ್ನು ನನಗಿಲ್ಲಿ ಕೆಲಸ ಇಲ್ಲ.” ಚಿಕ್ಕಮ್ಮ ಆ ಮಾತನ್ನು ನಮಗೆ ಹೇಳುವಾಗ ಎರಡು ಸಲ ಹೇಳಿದರು. ನಾವೂ ಮೊದಲ ಸಲ ಕೇಳಿದವರಂತೆಯೇ ಕೇಳಿದೆವು.

ಈಗ ಅವರಿಗೆ ಐವತ್ತೆರಡು. ಈ ವಾರ ಹಾಸಿಗೆ ಕಂಪನಿಯೊಂದರ ಕೆಲಸವಿದೆಯಂತೆ. ಮೂರು ಅಂಗಡಿಗಳಿಗೆ ಹೋಗಿ, ಚಪ್ಪಲಿ ಬಿಟ್ಟು, ಗಿರಾಕಿಗಳ ನಡುವೆಯೇ ಮಲಗಿ ನೋಡಿದ್ದಾರೆ. ಹದಿನೇಳು ತಲೆಬರಹ ಬರೆದು ಹದಿನೇಳನ್ನೂ ಹೊಡೆದುಹಾಕಿದ್ದಾರೆ. “ಇನ್ನೂ ಬಂದಿಲ್ಲ ಕಣೆ” ಎಂದರು ನಿನ್ನೆ ಫೋನಿನಲ್ಲಿ. ದನಿ ಕೇಳಿದರೆ, ಏನೋ ಸಿಕ್ಕಿದವರ ದನಿ.