ಹಗೇವಿನೊಳಗಿಂದ ಮೂರು ಜಗ್ಗು

ದೆವ್ವ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಬಾಯಿ ತೆಗೆದರೆ ನಾನು ಸುಮ್ಮನೆ ಕೇಳಿಸಿಕೊಳ್ಳುವವನಲ್ಲ, ಜಗಳಕ್ಕೇ ನಿಲ್ಲುವವನು. ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮದು ಬುದ್ಧನ ಪಟ ಒಂದು ಬಿಟ್ಟರೆ ಗೋಡೆಯ ಮೇಲೆ ಬೇರೇನೂ ಇಲ್ಲದ ಮನೆ. ಯಾರಿಗಾದರೂ ಮೈಮೇಲೆ ಬರುತ್ತದೆ ಎಂದರೆ ನಮ್ಮಪ್ಪ, "ಹೊಟ್ಟಿ ತುಂಬ ಊಟ ಹಾಕ್ರಿ, ಇಳೀತೈತಿ" ಎನ್ನುತ್ತಿದ್ದ. ಅಂಥವನ ಮಗ ಇದನ್ನು ಬರೆಯಲು ಇಷ್ಟು ವರ್ಷ ಹಿಂದೆ ಮುಂದೆ ನೋಡಿದ್ದಾನೆ. ಓದಿ ನೀವು ದೆವ್ವ ನಂಬಲು ಹೊರಟರೆ ನನಗೆ ಸಿಟ್ಟು ಬರುತ್ತದೆ. ನನಗೇ ಇನ್ನೂ ನಂಬಿಕೆ ಇಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆ. ಝಳಕಿಯಲ್ಲಿ ಬಸ್ಸಿಳಿದು ಊರಿಗೆ ನಡೆದು ಹೋಗಿದ್ದೆ. ಆಗಿನ್ನೂ ನಮ್ಮ ಕಡೆ ಕೆಲವರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ಎರಡಾಳು ಆಳ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಅಗಲ. ಅದರೊಳಗೆ ಇಳಿದು ಜೋಳ ತುಂಬಿ ಕೊಡುವ ಕೆಲಸ ನಮ್ಮ ಮನೆಯದು. ಅಪ್ಪ ಇಳಿಯುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಅಣ್ಣ ಭೀಮಶಿ ಇಳಿಯುತ್ತಿದ್ದ. ಜೋಳ ಸಾವ್ಕಾರರದು, ಉಸಿರು ನಮ್ಮದು.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು. ಅದಕ್ಕೇ ಒಂದು ದಿನ ಮೊದಲು ಬಾಯಿ ತೆಗೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಹಿರಿಯರ ಈ ಪದ್ಧತಿಯನ್ನು ನಾನು ಕ್ಲಾಸಿನಲ್ಲಿ ಎಷ್ಟು ಹೊಗಳಿದ್ದೆನೋ ಲೆಕ್ಕವಿಲ್ಲ. ಕೆಳಗಿಳಿದವನ ಜೊತೆ ಮಾತು ಹಗ್ಗದಲ್ಲೇ. ಒಂದು ಸಲ ಜಗ್ಗಿದರೆ ಬುಟ್ಟಿ ತುಂಬಿದೆ, ಎರಡು ಸಲ ಜಗ್ಗಿದರೆ ಹಗ್ಗ ಬಿಡಿ, ಮೂರು ಸಲ ಜಗ್ಗಿದರೆ ನನ್ನನ್ನು ಮೇಲೆ ತೆಗೆಯಿರಿ.

ಆ ವರ್ಷ ಸಾವ್ಕಾರರ ಜೋಳಕ್ಕೆ ನುಸಿ ಬಿದ್ದಿತ್ತು. ಅರ್ಧ ಜೋಳ ತೆಗೆದ ಮೇಲೆ, ಉಳಿದದ್ದಕ್ಕೆ ಹಾಕಲು ಇಂಡಿ ಪೇಟೆಯ ಒಂದು ಅಂಗಡಿಯಿಂದ ಎರಡು ಕ್ಯಾನು ಔಷಧಿ ತಂದರು. ಕ್ಯಾನಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. "ಬೆಂಕಿ ಹಚ್ಚಿದ್ರೂ ಹತ್ತಂಗಿಲ್ರಿ, ಏನೂ ಭಯ ಇಲ್ಲ. ಮಾರಿಗೊಂದು ಬಟ್ಟಿ ಕಟ್ಟಿಕೊಂಡ್ರ ಆತು" ಎಂದು ಅಂಗಡಿಯವನು ಹೇಳಿ ಕಳಿಸಿದ್ದನಂತೆ. ಉರಿಯದ ವಸ್ತು ಕೊಲ್ಲುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡರು. ಭೀಮಶಿ ಬರಿಗೈಯಲ್ಲಿ ಎರಡೂ ಕ್ಯಾನು ಸುರಿದು ಬಾಯಿ ಮುಚ್ಚಿದ. ಸಂಜೆಗೆ ವಾಂತಿ. ವಾರದೊಳಗೆ ಕಣ್ಣು ಹಳದಿ. ಕಾಮಣಿ ಎಂದು ಎಲೆಯ ಔಷಧಿ ಕುಡಿಸಿದರು. "ಕುಡಿಯಾಂವಗ ಮತ್ತೇನ ಆಗ್ತೈತಿ" ಎಂದರು ಸಾವ್ಕಾರರು. ತಿಂಗಳ ಮೇಲೆ ನಾನು ಹೋದಾಗಲೂ ಅಣ್ಣನ ಕಣ್ಣು ಪೂರ್ತಿ ಬೆಳ್ಳಗಾಗಿರಲಿಲ್ಲ. ಕ್ಯಾನಿಗೂ ಕಣ್ಣಿಗೂ ಸಂಬಂಧವಿದೆಯೇ ಎಂದು ವಿಜ್ಞಾನದ ಮಾಸ್ತರನಾದ ನನಗೂ ಹೊಳೆಯಲಿಲ್ಲ. ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಉಳಿದ ಜೋಳ ತೆಗೆಯುವ ದಿನ, ಬೆಳಗಿನ ಒಂಬತ್ತರ ಬಿಸಿಲು. ಹಿಂದಿನ ದಿನವೇ ಕಲ್ಲು ಸರಿಸಿದ್ದರು. ಕಂದೀಲು ಇಳಿಬಿಟ್ಟವನು ನಾನೇ. ಅದು ಹೋಗಿ ಜೋಳದ ಮೇಲೆ ಕುಳಿತಿತು. ತುಸು ಹೊತ್ತು ನೋಡಿದೆವು, ದೀಪ ನೆಟ್ಟಗೆ ಉರಿಯುತ್ತಿತ್ತು. ಹಗೇವಿನ ಎಂದಿನ ಮುಗ್ಗು ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ನನಗೆ ಬರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. "ಚೊಲೊ ಐತಿ, ಇಳಿ" ಎಂದು ಅಣ್ಣನಿಗೆ ಹೇಳಿದವನೂ ನಾನೇ. ಅವನು ನನ್ನ ಪಕ್ಕದಲ್ಲಿ ನಿಂತು ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ.

ಆಗ ನನ್ನ ಕೈಯಲ್ಲಿದ್ದ ಕಂದೀಲಿನ ಹಗ್ಗ ಬಿಗಿಯಿತು. ಒಂದು, ಎರಡು, ಮೂರು. ಗಾಳಿಗೆ ಅಲುಗಿದ್ದಲ್ಲ, ಆಳಿನ ಭಾರವಿದ್ದ ಜಗ್ಗು. ನಾನು ಮುಗ್ಗರಿಸಿ ಬಾಯಿಯ ಕಲ್ಲಿಗೆ ಮೊಣಕಾಲು ಕೊಟ್ಟು ನಿಂತೆ. ಬಗ್ಗಿ ನೋಡಿದರೆ ಕೆಳಗೆ ಜೋಳ, ಅದರ ಮೇಲೆ ಕಂದೀಲು, ಅಷ್ಟೆ. ನೋಡುತ್ತಿದ್ದಂತೆಯೇ ಮತ್ತೆ ಮೂರು. ಈ ಸಲ ಕಂದೀಲು ಕೂದಲೆಳೆಯಷ್ಟೂ ಅಲುಗಲಿಲ್ಲ, ನನ್ನ ಅಂಗೈ ಮಾತ್ರ ಸುಲಿಯಿತು.

"ಅಣ್ಣಾ, ಕೆಳಗ ಯಾರರ ಅದಾರೇನು?" ಎಂದೆ.

"ಹುಚ್ಚ ಅದಿಯೇನು? ಇಳಿಯಾಂವ ನಾ, ಇಲ್ಲೇ ನಿಂತೇನಿ."

"ಇಳೀಬ್ಯಾಡ."

ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದ ಸಾವ್ಕಾರರಿಗೆ ಸಿಟ್ಟು ಬಂತು. "ಏ ಮಾಸ್ತರ, ದೀಪ ಉರಿಯಾಕತ್ತೈತಿ, ಕಾಣವಲ್ದೇನು? ಸಾಲಿ ಕಲಿತು ಅಂಜುಬುರುಕ ಆದಿ ನೋಡು."

ಹಗ್ಗದ ಮಾತು ಎತ್ತದೆ, ಮೊದಲು ಒಂದು ಕೋಳಿ ಬಿಟ್ಟು ನೋಡೋಣ ಎಂದೆ. ಸಾವ್ಕಾರರು ನಕ್ಕರು. ವೈನಿ, ಅಂದರೆ ಅಣ್ಣನ ಹೆಂಡತಿ, ಜೋಳ ಹೊರಲು ಬಂದಿದ್ದಳು. ಮನೆಗೆ ಹೋಗಿ ಮೊಟ್ಟೆ ಇಡುವ ತನ್ನ ಕೋಳಿಯನ್ನೇ ಹಿಡಿದು ತಂದಳು. "ಹೋದ್ರ ಕೋಳಿ ಹೋಗ್ಲಿ. ಗಂಡ ಸಂತ್ಯಾಗ ಸಿಗಂಗಿಲ್ಲ" ಎಂದಳು.

ಕಂದೀಲಿನ ಪಕ್ಕದಲ್ಲೇ ಬುಟ್ಟಿ ಇಳಿಸಿದೆವು. ಕೋಳಿ ಎರಡು ಸಲ ರೆಕ್ಕೆ ಬಡಿಯಿತು, ಆಮೇಲೆ ವಾಲಿತು. ಮೇಲೆ ಎಳೆದಾಗ ಅದರ ಕುತ್ತಿಗೆ ಜೋತು ಬಿದ್ದಿತ್ತು. ಕಂದೀಲು ಮಾತ್ರ ಕೆಳಗೆ ಹಾಯಾಗಿ ಉರಿಯುತ್ತಲೇ ಇತ್ತು. ವೈನಿ ಅಣ್ಣನ ಸೊಂಟದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ನೆಲಕ್ಕೆ ಕುಳಿತುಬಿಟ್ಟಳು.

"ಬಿಸಲಿಗೆ ಸತ್ತಿರಬೇಕು" ಎಂದರು ಸಾವ್ಕಾರರು.

ಅವರ ಮುಂದೆ ನಾನು ಎಂದೂ ದನಿ ಎತ್ತಿದವನಲ್ಲ. "ಹಂಗಾದ್ರ ನೀವ ಇಳೀರಿ, ಸಾವ್ಕಾರ್ರ. ಒಳಗ ತಂಪ ಐತಿ" ಎಂದೆ. ಅವರು ಎದ್ದು ಮನೆಯೊಳಗೆ ಹೋದರು.

ಆಗಲೇ ನನಗೆ ಆ ಔಷಧಿಯ ಮೇಲೆ ಅನುಮಾನ ಬಂದದ್ದು. ಕ್ಯಾನಿನ ತಳದಲ್ಲಿ ಉಳಿದಿದ್ದನ್ನು ಬಿಗಿಯಾಗಿ ಮುಚ್ಚಿ ಸಿಂದಗಿಯ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರಿಗೆ ಕೊಟ್ಟೆ. ಅವರು ಪರೀಕ್ಷೆ ಮಾಡಿ, ಇದು ಕಾರ್ಬನ್ ಟೆಟ್ರಾಕ್ಲೋರೈಡ್ ಎಂದರು. ಬಣ್ಣವಿಲ್ಲ, ತುಸು ಸಿಹಿ ವಾಸನೆ, ನೀರಿಗೆ ಹಾಕಿದರೆ ಮುಳುಗುತ್ತದೆ. ಅದರ ಆವಿ ಗಾಳಿಗಿಂತ ಐದು ಪಟ್ಟು ಭಾರ. ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಬಾಯಿ ತೆಗೆದಿಟ್ಟರೂ ಏಳುವುದಿಲ್ಲ. ದೀಪಕ್ಕೆ ಸಾಕಾಗುವಷ್ಟು ಆಮ್ಲಜನಕ ಇರುವ ಜಾಗದಲ್ಲೇ ಮನುಷ್ಯನನ್ನು ಕೆಡವುತ್ತದೆ. ತಾನು ಉರಿಯುವುದಿಲ್ಲ ನಿಜ, ಆದರೆ ಬೆಂಕಿಯ ಹತ್ತಿರ ಹೋದರೆ ಫಾಸ್ಜೀನ್ ಎಂಬ ಇನ್ನೂ ಕೆಟ್ಟ ವಿಷವಾಗುತ್ತದೆ. ಅಂದರೆ ನಾವು ಧೈರ್ಯಕ್ಕೆಂದು ಇಳಿಬಿಟ್ಟ ಕಂದೀಲೇ ಒಳಗೆ ವಿಷ ಬೇಯಿಸುತ್ತಿತ್ತು. ಚರ್ಮದಿಂದಲೂ ಮೈಯೊಳಗೆ ಇಳಿಯುತ್ತದೆ, ಯಕೃತ್ತು ಮೂತ್ರಪಿಂಡ ಎರಡನ್ನೂ ತಿನ್ನುತ್ತದೆ, ಕುಡಿಯುವವರಿಗೆ ಇನ್ನೂ ಕೇಡು. ಮುಖಕ್ಕೆ ಕಟ್ಟಿದ ಬಟ್ಟೆ ಏನೂ ತಡೆಯುವುದಿಲ್ಲ. ಬಯಲು ಗಾಳಿಯಲ್ಲಿ, ಕೈಗವಸು ಹಾಕಿ, ದೀಪ ಬೀಡಿ ದೂರವಿಟ್ಟು ಮುಟ್ಟಬೇಕು. ಒಬ್ಬ ಬಿದ್ದರೆ ಇನ್ನೊಬ್ಬ ಹಿಂದೆಯೇ ಇಳಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಅವರು ಹೇಳಿದ್ದು: "ವಾಸನೆ ನಂಬಬ್ಯಾಡ್ರಿ. ಮೂಗಿಗೆ ಗೊತ್ತಾಗೂದರಾಗ ಅಪಾಯ ದಾಟಿರ್ತೈತಿ, ಮ್ಯಾಲ ಮೂಗು ಜಲ್ದಿ ರೂಢಿ ಆಗ್ತೈತಿ."

ಇಷ್ಟನ್ನು ಒಂದು ಚೀಟಿಯ ಮೇಲೆ ಅಚ್ಚು ಹಾಕಿ ಕ್ಯಾನಿಗೆ ಅಂಟಿಸಲು ಮಾರುವವರಿಗೆ ಏನು ಕಷ್ಟವಾಗಿತ್ತು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಊರಿನಲ್ಲಿ ಯಾರೂ ಅಂಗಡಿಯವನ ಮೇಲೆ ಸಿಟ್ಟಾಗಲಿಲ್ಲ. ಹಗ್ಗದ ವಿಷಯವನ್ನು ಆಮೇಲೆ ಅಣ್ಣನಿಗೆ ಹೇಳಿದ್ದೆ, ಅವನಿಂದ ಊರಿಗೆ ಹರಡಿ ಜಗ್ಗಿದ್ದು ನಮ್ಮಪ್ಪ ಎಂದು ಮಾತಾಯಿತು, ಹಗೇವಿನ ಬಾಯಿಗೆ ಕರ್ಪೂರ ಹಚ್ಚಿದರು. ಅಪ್ಪ ಇದ್ದಿದ್ದರೆ ದೆವ್ವವಾಗಲು ಒಪ್ಪುತ್ತಲೇ ಇರಲಿಲ್ಲ. ನನ್ನ ಕೈಯ ಸ್ನಾಯು ಹಿಡಿದಿರಬೇಕು, ಅಣ್ಣನ ಹಳದಿ ಕಣ್ಣು ಮನಸ್ಸಿನೊಳಗೆ ಚುಚ್ಚುತ್ತಿರಬೇಕು ಎಂದು ನಾನು ಸಮಾಧಾನ ಹೇಳಿಕೊಂಡೆ. ಆದರೆ ಮನಸ್ಸು ಅಂಗೈ ಸುಲಿಯುತ್ತದೆಯೇ?

ದೂರು ಕೊಡಲು ತಾಲ್ಲೂಕಿನ ಕಚೇರಿಯೊಂದಕ್ಕೆ ಹೋದೆ. ಸಾಹೇಬರು ಮೊದಲು ಕೇಳಿದ್ದು, "ಯಾರರ ಸತ್ತಾರೇನ್ರಿ?"

"ಇಲ್ರಿ. ಒಂದು ಕೋಳಿ."

ಅವರು ನಗು ತಡೆದುಕೊಂಡರು. "ಒಳಗ ವಿಷ ಐತಂತ ನಿಮಗ ಹೆಂಗ ಗೊತ್ತಾತು?"

"ಅನುಮಾನ ಬಂತ್ರಿ."

"ಅನುಮಾನ ಅರ್ಜಿಯೊಳಗ ನಡಿಯಂಗಿಲ್ರಿ, ಮಾಸ್ತರ. ಕಾರಣ ಬರೀರಿ."

ಖಾಲಿ ಹಗೇವಿನಿಂದ ಯಾರೋ ಹಗ್ಗ ಜಗ್ಗಿದರು ಎಂದು ವಿಜ್ಞಾನದ ಮಾಸ್ತರ ಬರೆದರೆ ನಾಳೆ ಸಿಂದಗಿಯೆಲ್ಲ ನಗುತ್ತದೆ. ನಾಚಿಕೆಯಾಯಿತು. "ವಾಸನೆಯಿಂದ ತಿಳಿಯಿತು" ಎಂದು ಬರೆದು ಸಹಿ ಹಾಕಿದೆ. ಸುಳ್ಳೆಂದು ಗೊತ್ತಿದ್ದೇ ಬರೆದೆ.

ಅಂಗಡಿಯವನಿಗೆ ಏನೂ ಆಗಲಿಲ್ಲ. ಕೆಲವು ತಿಂಗಳಿಗೆ ಕಚೇರಿಯಿಂದ ಒಂದು ಹಾಳೆ ಅಚ್ಚಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಿಗೆಲ್ಲ ಹೋಯಿತು. ಅದರಲ್ಲಿ ದಪ್ಪ ಅಕ್ಷರದ ಒಂದು ಸಾಲು: ಸಿಹಿ ವಾಸನೆ ಬಂದರೆ ಹಗೇವಿಗೆ ಇಳಿಯಬೇಡಿ. ನನ್ನ ಅರ್ಜಿಯ ಸುಳ್ಳಿನಿಂದಲೇ ಹುಟ್ಟಿದ ಸಾಲು ಅದು. ಕಚೇರಿಗೆ ಓಡಿದೆ. "ಅಚ್ಚಾಗಿ ಹೋಗೇತ್ರಿ, ಈಗೇನ ಮಾಡೂಣು" ಎಂದರು. ಆಮೇಲೆ ಭಾನುವಾರಕ್ಕೊಂದು ಊರಿನಂತೆ ಬಸ್ಸು ಹತ್ತಿ, ಕಂಡ ಕಂಡ ಹಾಳೆಯ ಮೇಲೆ ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕುತ್ತಾ ತಿರುಗಿದೆ.

ಬಸವನ ಬಾಗೇವಾಡಿಯ ಒಂದು ಅಂಗಡಿಯಲ್ಲಿ ರೈತನೊಬ್ಬ ಕ್ಯಾನು ಕೊಂಡು, ಜೊತೆಗೆ ಕೊಟ್ಟ ಹಾಳೆಯನ್ನು ಓದುತ್ತಾ ನಿಂತಿದ್ದ. "ವಾಸನಿ ಬರಲಿಲ್ಲಂದ್ರ ಇಳೀಬಹುದಂತ್ರಿ" ಎಂದ ನನ್ನನ್ನು ನೋಡಿ. ನಾನು ಹಾಳೆ ಕಸಿದುಕೊಂಡು ಸಾಲು ಹೊಡೆದೆ.

"ಯಾಕ್ರಿ, ಅಚ್ಚಿನದು ಸುಳ್ಳಾಗ್ತೈತೇನು?"

"ಸುಳ್ಳ ಐತ್ರಿ. ನಾನ ಬರದಿದ್ದು. ನನಗ ಯಾವ ವಾಸನಿನೂ ಬಂದಿದ್ದಿಲ್ಲ."

ಅವನು ಕ್ಯಾನನ್ನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದ. "ಹಂಗಾದ್ರ ಇಳೀಬಾರದಂತ ನಿಮಗ ಖರೇ ಗೊತ್ತಾಗಿದ್ದು ಹೆಂಗ್ರಿ?"

ಕೇಳಬೇಕಾದ ಮಾತನ್ನೇ ಕೇಳಿದ್ದ. ನಾಳೆ ಅವನೂ ಒಂದು ಹಗೇವಿಗೆ ಇಳಿಯುವವನು. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ.