ಹುಲಿಗೆಮ್ಮ ಗುರುತಿಸಿದ ಎಡಗಾಲು

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನಾನಾಗ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಮೂಳೆ ವೈದ್ಯೆಯಾಗಿದ್ದೆ. ಸರ್ವೀಸು ಇಪ್ಪತ್ತೆರಡು ವರ್ಷ ತುಂಬಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನರ್ಸುಗಳು ಬೆಳಿಗ್ಗೆ ನನ್ನ ಮುಖ ನೋಡಿಯೇ ಆ ದಿನ ಎಷ್ಟು ಮಾತಾಡಬೇಕೆಂದು ತೀರ್ಮಾನಿಸುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ನಿವೃತ್ತಿಯ ದಿನ.

ದೇಹದ ಯಾವುದೋ ಭಾಗ ಬೆಳೆಯಬೇಕಾದ ರೀತಿಯಲ್ಲಿ ಬೆಳೆಯದಿದ್ದರೆ ವೈದ್ಯರು ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಗರ್ಭಕೊರಳಿನಲ್ಲಿ, ಬಾಯೊಳಗೆ ಜೀವಕೋಶಗಳು ಹಾದಿ ತಪ್ಪಿದರೂ ಅದೇ ಹೆಸರು. ಮೂಳೆಯ ಜಾಗದಲ್ಲಿ ನಾರು ಬೆಳೆದರೂ ಅದೇ ಹೆಸರು. ನನ್ನ ಪಾಲಿಗೆ ಬಂದದ್ದು ಸೊಂಟದ್ದು. ತೊಡೆಮೂಳೆಯ ಗುಂಡುತಲೆ ಕೂರಬೇಕಾದ ಬಟ್ಟಲು ಆಳವಾಗದೆ ಚಪ್ಪಟೆಯಾಗಿ ಉಳಿದರೆ ಮೂಳೆ ಜಾರುತ್ತದೆ. ಕೂಸಿಗೆ ನೋವಿಲ್ಲ, ಜ್ವರವಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಆರು ತಿಂಗಳೊಳಗೆ ಸಿಕ್ಕರೆ ಬಟ್ಟೆಯ ಪಟ್ಟಿ ಕಟ್ಟಿಯೇ ಬಹುಪಾಲು ಸರಿಮಾಡಬಹುದು. ನಡೆಯತೊಡಗಿದ ಮೇಲೆ ಸಿಕ್ಕರೆ ಸಾಮಾನ್ಯವಾಗಿ ಆಪರೇಷನ್ನೇ, ಆಮೇಲೂ ಕುಂಟು ಉಳಿಯಬಹುದು. ನಮ್ಮಲ್ಲಿ ಹುಟ್ಟುವ ಕೂಸುಗಳಲ್ಲಿ ಇದು ಎಷ್ಟಿದೆ ಎಂದು ತಿಳಿಯಲು ನಾನೇ ಒಂದು ಅಧ್ಯಯನ ಹಚ್ಚಿಕೊಂಡಿದ್ದೆ. ಹುಟ್ಟಿದ ಮರುದಿನ ಪ್ರತಿ ಕೂಸಿನ ಸೊಂಟ ಪರೀಕ್ಷಿಸಿ ಫಾರಂ ತುಂಬುತ್ತಿದ್ದೆ.

ಶಬಾನಾಳ ಚೊಚ್ಚಲ ಕೂಸು ನೂರಿಯ ಫಾರಂ ಕೂಡ ನಾನೇ ತುಂಬಿದ್ದು. ಶಬಾನಾಳ ತವರು ಕುರುಗೋಡು, ಗಂಡನ ಮನೆ ಸಿರುಗುಪ್ಪ. ಕೂಸು ಹೊಟ್ಟೆಯಲ್ಲಿ ಉಲ್ಟಾ ಕೂತಿದ್ದರಿಂದ ಸಿಜೇರಿಯನ್ ಆಗಿತ್ತು. ಸೊಂಟ ನೋಡಿ ‘ನಾರ್ಮಲ್’ ಎಂದು ಬರೆದು ಕಳಿಸಿದ್ದೆ.

ಒಂಬತ್ತನೇ ವಾರಕ್ಕೆ ಶಬಾನಾ ಮತ್ತೆ ಬಂದಳು. ಜೊತೆಗೆ ಅರವತ್ತೈದು ದಾಟಿದ ಒಬ್ಬ ಹೆಂಗಸು. ಹೆಸರು ಹುಲಿಗೆಮ್ಮ. ಕುರುಗೋಡಿನಲ್ಲಿ ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವಾಕೆ. ಜಾತಿ ಯಾವುದಿರಲಿ, ಧರ್ಮ ಯಾವುದಿರಲಿ, ಕೂಸು ಹುಟ್ಟಿದ ಮನೆಯವರು ಮೊದಲು ಕರೆಯುತ್ತಿದ್ದದ್ದು ಆಕೆಯನ್ನೇ.

“ಡಾಕ್ಟ್ರಮ್ಮ, ನೀರು ಎರಿಯೋವಾಗ ಇದರ ಬಲಗಾಲು ಪೂರಾ ಅಗಲಾಗತೈತ್ರಿ. ಎಡಗಾಲು ಅರ್ಧಕ್ಕ ನಿಂದರತೈತಿ. ಹತ್ತು ದಿನದಿಂದ ನೋಡಾಕ ಹತ್ತೀನಿ,” ಎಂದರು ಹುಲಿಗೆಮ್ಮ.

ನೂರಿಯನ್ನು ಮೇಜಿನ ಮೇಲೆ ಮಲಗಿಸಿ ನೋಡಿದೆ. ಕೂಸು ಕಿಟಾರನೆ ಕಿರುಚಿ ಎರಡೂ ಕಾಲು ಸೆಟೆಸಿಕೊಂಡಿತು. ಏನೂ ತಿಳಿಯಲಿಲ್ಲ. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು.

“ಎರಿಯೋದು ನಿಮ್ಮ ಕೆಲಸ, ಕಾಲು ನೋಡೋದು ನನ್ನ ಕೆಲಸ,” ಎಂದುಬಿಟ್ಟೆ.

ಹುಲಿಗೆಮ್ಮ ಮುಖ ಸಣ್ಣದು ಮಾಡಲಿಲ್ಲ, ಎದ್ದೂ ಹೋಗಲಿಲ್ಲ. “ಖರೇರಿ. ಆದ್ರ ಅಳೋ ಕೂಸು ಕಾಲು ಬಿಗಿ ಹಿಡಿತೈತಿ, ನಿಮಗ ತಿಳಿಯಂಗಿಲ್ಲ. ಎರಡು ಬಕೀಟು ಬಿಸಿನೀರು ಕೊಡಸ್ರಿ. ನಾ ಎರೀತೀನಿ, ಆಮ್ಯಾಲ ನೋಡ್ರಿ.”

ಅಂಥ ಬೇಡಿಕೆಯನ್ನು ಓಪಿಡಿಯಲ್ಲಿ ನಾನು ಕೇಳಿಯೇ ಇರಲಿಲ್ಲ. ಬೈದು ಕಳಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶಬಾನಾ, “ಮೇಡಂ, ನನ್ನ ಮಗಳು ನಡೀತಾಳಲ್ರಿ?” ಎಂದಳು. ನರ್ಸುಗಳ ಬಚ್ಚಲಮನೆ ತೆರೆಸಿದೆ.

ಹುಲಿಗೆಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ನೆಲಕ್ಕೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡರು. ನೀರು ಬೀಳುತ್ತಿದ್ದಂತೆ ಅಳು ನಿಂತಿತು. ಬಾಯಿ ಶಬಾನಾಳ ಜೊತೆ ಊಟದ ಪಥ್ಯ ಮಾತಾಡುತ್ತಿತ್ತು, ಕೈಗಳು ಕೂಸಿನ ಬೆನ್ನು, ತೊಡೆ, ಮೀನಖಂಡ ತಿಕ್ಕುತ್ತ ತಮ್ಮ ಪಾಡಿಗೆ ಓಡಾಡುತ್ತಿದ್ದವು. ಐದು ನಿಮಿಷಕ್ಕೆ ನೂರಿಯ ಮೈ ಹಿಟ್ಟಿನ ಮುದ್ದೆಯಂತೆ ಸಡಿಲವಾಯಿತು. ಅಂಗಾತ ಹೊರಳಿಸಿ, “ಈಗ ಬರ್ರಿ,” ಎಂದರು.

ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಡತೊಡೆಯನ್ನು ಮಡಚಿ ನಿಧಾನವಾಗಿ ಹೊರಕ್ಕೆ ತಿರುಗಿಸಿದೆ. ಅವರು ಹೇಳಿದಂತೆಯೇ ಅರ್ಧಕ್ಕೆ ನಿಂತಿತು. ಬೆರಳಿನಿಂದ ಹಿಂಬದಿಯನ್ನು ತುಸು ಎತ್ತಿದೆ. ಒಳಗೆ ಏನೋ ಒಂದು ಅಂಚು ದಾಟಿ ಕುಳಿಗೆ ಇಳಿಯಿತು. ಕೈ ಸಡಿಲಿಸಿದ ಕೂಡಲೇ ಮತ್ತೆ ಜಾರಿತು.

ಅಲ್ಟ್ರಾಸೌಂಡ್ ಮಾಡಿಸಿದೆವು. ಬಟ್ಟಲಿನ ಆಳವನ್ನು ಆಲ್ಫಾ ಕೋನ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅರವತ್ತು ಡಿಗ್ರಿ ಅಥವಾ ಹೆಚ್ಚಿದ್ದರೆ ಸರಿ. ನೂರಿಯ ಬಲಸೊಂಟ ಅರವತ್ತೆರಡು, ಎಡಸೊಂಟ ನಲವತ್ತನಾಲ್ಕು. ಶಾಲೆಯ ಮೆಟ್ಟಿಲು ಹತ್ತದ ಒಂದು ಜೀವ ಈ ಹದಿನೆಂಟು ಡಿಗ್ರಿಯ ವ್ಯತ್ಯಾಸವನ್ನು ಬರಿಗೈಯಲ್ಲಿ ಹತ್ತು ದಿನ ಮೊದಲೇ ಹಿಡಿದಿತ್ತು. ಸ್ಕ್ಯಾನಿನ ಹಾಳೆ ಹಿಡಿದು, ಇಬ್ಬರನ್ನೂ ಕೋಣೆಗೆ ಕರೆದು ಬಾಗಿಲು ಮುಚ್ಚಿದೆ.

ಹುಲಿಗೆಮ್ಮ ಕೇಳಿದ್ದು ಒಂದೇ. “ಕಾಲು ನೀಟಾಗಲಿ ಅಂತ ದಿನಾ ಜಗ್ಗತಿದ್ದೆ, ಅರಿವ್ಯಾಗ ಬಿಗಿಯಾಗಿ ಸುತ್ತತಿದ್ದೆ. ಅದಕ್ಕ ಹಿಂಗಾತೇನ್ರಿ?”

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಹೊಟ್ಟ್ಯಾಗ ಉಲ್ಟಾ ಇತ್ತಲ್ಲ, ಅದಕ್ಕ ಶುರುವಾಗಿರಬೇಕು. ಜಗ್ಗೋದು, ಬಿಗಿಯೋದು ಮಾತ್ರ ಒಳ್ಳೇದಲ್ಲ, ಇನ್ನ ಯಾವ ಕೂಸಿಗೂ ಮಾಡಬ್ಯಾಡ್ರಿ. ದೊಡ್ಡ ತಪ್ಪು ನಂದು. ಉಲ್ಟಾ ಇದ್ದ ಕೂಸಿಗೆ ಆರನೇ ವಾರಕ್ಕ ಸ್ಕ್ಯಾನ್ ಬರೀಬೇಕಿತ್ತು, ನಾ ಬರೀಲಿಲ್ಲ,” ಎಂದೆ. ನನ್ನ ಬಾಯಿಂದ ಅಂಥ ಮಾತು ಕೇಳಿದ ನರ್ಸು ತಿರುಗಿ ನೋಡಿದಳು. ಹುಲಿಗೆಮ್ಮ ತಮ್ಮ ಅಂಗೈ ನೋಡಿಕೊಂಡರು.

ನೂರಿಗೆ ಹಾರ್ನೆಸ್ ಹಾಕಿದೆವು. ಎದೆಯಿಂದ ಪಾದದವರೆಗಿನ ಬಟ್ಟೆಯ ಪಟ್ಟಿಗಳು. ಕಾಲು ಮಡಚಿ ಅಗಲವಾಗಿ ಹಿಡಿದರೆ ಮೂಳೆಯ ತಲೆ ಬಟ್ಟಲಲ್ಲಿ ಕೂತು, ಬಟ್ಟಲು ಅದರ ಸುತ್ತ ಆಳವಾಗಿ ಬೆಳೆಯುತ್ತದೆ. ಹನ್ನೆರಡು ವಾರ. ಮೊದಲ ಆರು ವಾರ ಅದನ್ನು ಬಿಚ್ಚುವಂತಿಲ್ಲ, ನೀರೆರೆಯುವಂತಿಲ್ಲ. ಅಂದರೆ ಹುಲಿಗೆಮ್ಮನ ಕೆಲಸ ಆ ಮನೆಯಲ್ಲಿ ಮುಗಿಯಿತು ಎಂದುಕೊಂಡೆ.

ಆಮೇಲಿನದ್ದನ್ನು ಹೇಳಿದವಳು ಶಬಾನಾ. ಪಟ್ಟಿ ಹಾಕಿದ ಮೂರನೇ ವಾರ ಸಿರುಗುಪ್ಪದಿಂದ ಅವಳ ಅತ್ತೆ ಬಂದು ಮೊಮ್ಮಗಳನ್ನು ನೋಡಿ ಕೂಗಾಡಿದರಂತೆ. “ಹೆಣ್ಣುಕೂಸು ಕಪ್ಪಿ ಹಂಗ ಕಾಲು ಅಗಲಿಸಿಕೊಂಡು ಬಿದ್ದೈತಿ. ನಾಳೆ ಇದರ ನಡಿಗಿ ಹೆಂಗಿದ್ದೀತು? ಬಿಚ್ಚಿ ಒಗೀರಿ,” ಎಂದು ಪಟ್ಟಿಗೆ ಕೈ ಹಾಕಿದರಂತೆ.

ಹುಲಿಗೆಮ್ಮ ಅಲ್ಲೇ ಇದ್ದರು. ಎರೆಯುವ ಕೆಲಸವಿಲ್ಲದಿದ್ದರೂ ದಿನಾ ಅದೇ ಹೊತ್ತಿಗೆ ಬಂದು, ಒದ್ದೆ ಅರಿವೆಯಿಂದ ಕೂಸಿನ ಮೈ ಒರೆಸಿ, ಪಟ್ಟಿಯ ಅಂಚಿಗೆ ಚರ್ಮ ಕೆಂಪಾಗಿದೆಯೇ ನೋಡಿ ಹೋಗುತ್ತಿದ್ದರಂತೆ. ಅಡ್ಡ ಕೂತು ಹೇಳಿದರಂತೆ: “ಅಕ್ಕಾ, ಜಗ್ಗಿ ನೀಟು ಮಾಡೋದು ನನ್ನ ಕಸುಬು. ನಲವತ್ತು ವರ್ಷ ಅದನ್ನ ಮಾಡೀನಿ. ಅದು ತಪ್ಪು ಅಂತ ಈಗ ನಾನ ಹೇಳಾಕ ಹತ್ತೀನಿ. ಪಟ್ಟಿ ಬಿಚ್ಚೋದಾದ್ರ ಮೊದಲ ನನ್ನ ಎಬ್ಬಿಸ್ರಿ.”

ಅತ್ತೆ ಕೈ ತೆಗೆದರು.

ನಾನು ತಪ್ಪು ಒಪ್ಪಿಕೊಂಡದ್ದು ಮುಚ್ಚಿದ ಕೋಣೆಯಲ್ಲಿ. ಆಕೆ ಹೊಟ್ಟೆಪಾಡಿನ ಕಸುಬಿನ ತಪ್ಪನ್ನು, ತಾವು ಎರೆಯುವ ಮನೆಯಲ್ಲೇ ಎಲ್ಲರೆದುರು ಹೇಳಿದ್ದರು.

ಪಟ್ಟಿ ಹಾಕಿದ ಹನ್ನೆರಡನೇ ವಾರ ಎಡಸೊಂಟ ಅರವತ್ತೊಂದಕ್ಕೆ ಬಂತು. ನೂರಿಗೆ ಹದಿನಾಲ್ಕು ತಿಂಗಳಾದಾಗ ಮೂವರೂ ಬಂದರು. ನಾನು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಶಬಾನಾ ಮಗಳನ್ನು ನೆಲಕ್ಕೆ ಬಿಟ್ಟಳು. ಕಾಲ್ಗೆಜ್ಜೆ ಹಾಕಿದ್ದ ನೂರಿ ಮೇಜಿನ ಕಾಲು ಬಿಟ್ಟು ಬಾಗಿಲತ್ತ ಹೊರಟಳು. ಹುಲಿಗೆಮ್ಮ ಎಕ್ಸ್‌ರೇ ಕಡೆ ನೋಡಲಿಲ್ಲ, ಕೂಸಿನ ಕಡೆಯೂ ನೋಡಲಿಲ್ಲ. ತಲೆ ತಗ್ಗಿಸಿ ಕಿವಿಗೊಟ್ಟು ಕೂತಿದ್ದರು.

“ಎರಡೂ ಗೆಜ್ಜಿ ಒಂದ ಸಮ ಅದಾವ್ರಿ,” ಎಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು.

ನನ್ನ ಅಧ್ಯಯನದ ಫಾರಂನಲ್ಲಿ ಮೊದಲು ಪತ್ತೆ ಮಾಡಿದವರು ಎಂಬ ಕಾಲಮ್ಮಿನಲ್ಲಿ ವೈದ್ಯರು, ನರ್ಸು ಎಂಬ ಎರಡೇ ಚೌಕಗಳಿದ್ದವು. ಮೂರನೆಯದನ್ನು ಸ್ಕೇಲಿಟ್ಟು ನಾನೇ ಗೆರೆ ಎಳೆದು ಮಾಡಿ ‘ನೀರೆರೆಯುವವರು’ ಎಂದು ಬರೆದೆ. ಈಗ ನಿವೃತ್ತಳಾಗಿ ಮನೆಯಲ್ಲೇ ಕೂಸುಗಳನ್ನು ನೋಡುತ್ತೇನೆ. ತಾಯಂದಿರಿಗೆ ನಾನು ಕೇಳುವ ಮೊದಲ ಪ್ರಶ್ನೆ ರೋಗದ್ದಲ್ಲ. “ಕೂಸಿಗೆ ಯಾರು ಎರೀತಾರವ್ವ? ಅವರು ಏನಂತಾರ?” ಎಂದು ಕೇಳಿ, ಉತ್ತರ ಬರುವವರೆಗೆ ಪೆನ್ನು ತೆಗೆಯುವುದಿಲ್ಲ.